ಗುಳಿಗೆ ಬಿಟ್ಟೆನೆಂದು ಹೇಳಿದ ಮೇಲೆ

ಬಳ್ಳಾರಿಯ ಪಾರ್ವತಿನಗರದ ಒಂದು ಮಹಡಿ ಹಾಲ್‌ನಲ್ಲಿ ಗಂಡಸರ ಯೋಗ ತರಗತಿಗೆ ಮ್ಯಾಟ್ ಹಾಸುವುದು, ಮೈಕ್ ಹಚ್ಚುವುದು, ತಡವಾಗಿ ಬಂದವರನ್ನು ಹಿಂದಿನ ಸಾಲಿಗೆ ಕಳಿಸುವುದು ನನ್ನ ಕೆಲಸವಾಗಿತ್ತು. ಅದಕ್ಕೂ ಮೊದಲು ಜೀನ್ಸ್ ಹೊಲಿಯುವ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ತರನಾಗಿದ್ದೆ. ಕಣ್ಣು ಮಂಜಾಗಿ ಆ ಕೆಲಸ ಬಿಟ್ಟ ಮೇಲೆ ಇದು ಸಿಕ್ಕಿತು. ಬಟ್ಟೆಯನ್ನು ಪದರದ ಮೇಲೆ ಪದರ ಸುಕ್ಕಿಲ್ಲದೆ ಹಾಸಿದ ಕೈಗೆ ಮ್ಯಾಟ್ ಹಾಸುವುದು ಏನೂ ಕಷ್ಟವಲ್ಲ. ನಾನು ಹಾಸಿದ ಸಾಲು ದಾರ ಹಿಡಿದಂತೆ ನೆಟ್ಟಗಿರುತ್ತಿತ್ತು. ಅಲ್ಲಿಯೂ ಎಲ್ಲರೂ ನನ್ನನ್ನು ಮಾಸ್ತರ ಎಂದೇ ಕರೆದರು.

ಮೊದಲು ಒಬ್ಬ ಗಂಡಸು ಕಲಿಸುತ್ತಿದ್ದ. ಬರುವವರು ಬೆರಳೆಣಿಕೆಯಷ್ಟು ಜನ. ಅವನು ಊರು ಬಿಟ್ಟ ಮೇಲೆ ದಾವಣಗೆರೆ ಕಡೆಯ ಒಬ್ಬ ಹೆಂಗಸು ಬಂದರು. ನಲವತ್ತರ ಆಸುಪಾಸು, ನೆಟ್ಟನೆಯ ಮೈಕಟ್ಟು, ಮೆಲ್ಲಗಿನ ಮಾತು. ಹಾಲ್ ತುಂಬಲು ಬಹಳ ದಿನ ಬೇಕಾಗಲಿಲ್ಲ. ಮೈಗೆ ಸೆಂಟು ಹಾಕಿಕೊಂಡು ಬೆವರಲು ಬರುವವರನ್ನು ನಾನು ಅಲ್ಲಿಯೇ ಮೊದಲು ಕಂಡಿದ್ದು. ಮುಂದಿನ ಸಾಲಿಗೆ ಜಗಳ ಶುರುವಾಯಿತು. ಬ್ರೂಸ್‌ಪೇಟೆಯಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದ ಸಾಹುಕಾರರೊಬ್ಬರು ಒಂದು ದಿನ ತಮ್ಮ ಮುಂದೆ ಕೂತವನನ್ನು ದಬ್ಬಿದರು.

"ಏ, ಅತ್ತಾಗ ಸರೀಲೇ. ನಿನ್ನ ಬೆನ್ನು ಗ್ವಾಡಿ ಆಗೇತಿ, ಏನೂ ಕಾಣವಲ್ದು."

"ಏನ್ ಕಾಣವಲ್ದ್ರಿ ಸಾವ್ಕಾರ? ಆಸನಾನೋ, ಟೀಚರಮ್ಮನೋ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಆ ವಾರವೇ ನಾನು ಕೂದಲಿಗೆ ಕಪ್ಪು ಹಚ್ಚಿಕೊಂಡಿದ್ದೆ. ನನ್ನ ಹೆಂಡತಿ ಬಾಗಿಲಲ್ಲಿ ನಿಂತು, "ಯೋಗಕ್ಕ ಹೊಂಟೀರೋ, ಕನ್ಯಾ ನೋಡಾಕ ಹೊಂಟೀರೋ?" ಎಂದಿದ್ದಳು. ಮೊಮ್ಮಕ್ಕಳಿರುವ ವಯಸ್ಸಿನಲ್ಲಿ ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಬರೆಯದೆ ಹೋದರೆ ಮುಂದಿನದು ಯಾಕೆ ನಡೆಯಿತೆಂದು ತಿಳಿಯುವುದಿಲ್ಲ. ನನಗೆ ಅವರ ಮೇಲೆ ಮನಸ್ಸಿತ್ತು. ಅವರಿಂದ ಏನೂ ಬೇಕಿರಲಿಲ್ಲ. ಅವರು ನನ್ನ ಕಡೆ ತಿರುಗಿ ನೋಡಿದರೆ ಸಾಕಿತ್ತು.

ತರಗತಿಗೆ ಒಂದು ಕ್ರಮವಿತ್ತು. ಮೊದಲು ಉಸಿರಾಟ, ಆಮೇಲೆ ಆಸನಗಳು. ವಜ್ರಾಸನದಲ್ಲಿ ಕೂತು, ಮುಷ್ಟಿಗಳನ್ನು ಹೊಕ್ಕುಳ ಪಕ್ಕ ಒತ್ತಿ ಮುಂದಕ್ಕೆ ಬಾಗುವ ಮಂಡೂಕಾಸನ ಇರಲೇಬೇಕು, ಏಕೆಂದರೆ ಬಂದವರಲ್ಲಿ ಬಹಳ ಮಂದಿಗೆ ಸಕ್ಕರೆ ಕಾಯಿಲೆ. ಕೊನೆಗೆ ಶವಾಸನ. ಎದ್ದು ಕೂತ ಮೇಲೆ ಟೀಚರಮ್ಮ, "ಯಾರಿಗಾದ್ರೂ ಏನಾದ್ರೂ ಬದಲಾವಣೆ ಅನಿಸಿದ್ರೆ ಹೇಳಬಹುದು" ಎನ್ನುತ್ತಿದ್ದರು. ಇದಕ್ಕೆ ಎಲ್ಲರೂ 'ಅನುಭವ' ಎಂದು ಹೆಸರಿಟ್ಟಿದ್ದರು. ಯಾರು ಎದ್ದು ಮಾತಾಡಿದರೂ ಅವರು ಕೈಮುಗಿದು, "ಎಲ್ಲ ನಿಮ್ಮ ಶ್ರದ್ಧೆ" ಎಂದು ನಗುತ್ತಿದ್ದರು. ಆ ನಗುವಿಗಾಗಿ ಪೈಪೋಟಿ ಬಿತ್ತು. ಮೊದಲು ಒಬ್ಬನಿಗೆ ನಿದ್ದೆ ಚೆನ್ನಾಗಿ ಬಂತು. ಮರುದಿನ ಇನ್ನೊಬ್ಬನ ಮಂಡಿನೋವು ಹೋಯಿತು. ಪಾತ್ರೆ ಸಾಹುಕಾರರ ಬಿಪಿ ಹೋಯಿತು. ಅದು ಹೋದ ಮೇಲೆ ಮಂಡಿನೋವು ಹೋದವನಿಗೆ ಹೊಟ್ಟೆ ಉರಿದು, ತನಗೆ ಕಿಡ್ನಿಯ ಕಲ್ಲೂ ಇತ್ತು, ಅದೂ ಕರಗಿತು ಎಂದ. ಕಲ್ಲಿದ್ದ ಸುದ್ದಿ ಅದಕ್ಕೂ ಮೊದಲು ಯಾರಿಗೂ ಗೊತ್ತಿರಲಿಲ್ಲ.

ನಾನು ಮೈಕ್ ಹಿಡಿದು ಒಬ್ಬರಿಂದ ಒಬ್ಬರಿಗೆ ಕೊಡುತ್ತಾ ನಿಂತಿರುತ್ತಿದ್ದೆ. ಒಂದು ದಿನ ಯಾರೂ ಏಳಲಿಲ್ಲ. ಟೀಚರಮ್ಮ ಅತ್ತಿತ್ತ ನೋಡಿ, ಕೊನೆಗೆ ನನ್ನ ಕಡೆ ನೋಡಿದರು. ಮೈಕ್ ಕೈಯಲ್ಲೇ ಇತ್ತು.

"ನನಗೂ ಶುಗರ್ ಇತ್ತು," ಎಂದೆ. "ಇಲ್ಲಿಗೆ ಬಂದ ಮೇಲೆ ಗುಳಿಗೆ ಬಿಟ್ಟೆ. ಈಗ ಆರಾಮದೀನಿ."

ಆ ಬೆಳಿಗ್ಗೆ ಹೆಂಡತಿ ಕೊಟ್ಟ ಶುಗರ್ ಗುಳಿಗೆ ನುಂಗಿಯೇ ಮನೆ ಬಿಟ್ಟಿದ್ದೆ. ಹಾಲ್ ಚಪ್ಪಾಳೆಯಿಂದ ತುಂಬಿತು. ಅವರು ಕೈಮುಗಿದರು. "ನೋಡಿ, ನಮ್ಮ ಮಾಸ್ತರು ಇಷ್ಟು ದಿನ ಹೇಳಿಕೊಂಡೇ ಇರಲಿಲ್ಲ" ಎಂದರು. ನಮ್ಮ ಮಾಸ್ತರು ಎಂಬ ಆ ಮಾತಿನ ಗುಂಗಿನಲ್ಲಿ ನಾನು ಮ್ಯಾಟ್‌ಗಳನ್ನು ಸುತ್ತಿಟ್ಟೆ.

ಅಲ್ಲಿಂದ ನಾನು ದಿನವೂ ಹೇಳುವವನಾದೆ. ಹೊಸಬರು ಬಂದರೆ, "ಮಾಸ್ತರ, ನಿಮ್ಮ ಶುಗರಿನ ಕತಿ ಹೇಳ್ರಿ" ಎಂದು ಉಳಿದವರೇ ಎಬ್ಬಿಸುತ್ತಿದ್ದರು. ಹೇಳುತ್ತಾ ಹೇಳುತ್ತಾ ಅದಕ್ಕೆ ಕೈಕಾಲು ಬೆಳೆದವು. ಗುಳಿಗೆ ಬಿಟ್ಟಾಗ ಮೊದಲು ತಲೆ ಸುತ್ತಿದ್ದು, ಧೈರ್ಯಗೆಡದೆ ಆಸನ ಮುಂದುವರಿಸಿದ್ದು, ಡಾಕ್ಟರು ಬೆರಗಾಗಿದ್ದು, ಎಲ್ಲವನ್ನೂ ನಾನೇ ಹೊಲಿದೆ.

ಸಿರುಗುಪ್ಪದಲ್ಲಿ ಅಕ್ಕಿ ಗಿರಣಿಯವರು ಸೇರಿ ಒಂದು ಕಲ್ಯಾಣ ಮಂಟಪದಲ್ಲಿ ವಾರದ ಶಿಬಿರ ಇಟ್ಟರು. ಮ್ಯಾಟ್‌ಗಳನ್ನು ಕಟ್ಟಿ ಬಸ್ಸಿನ ಮೇಲೆ ಹಾಕಿಸಿ ನಾನೂ ಹೋದೆ. ದಾರಿಯಲ್ಲಿ ಟೀಚರಮ್ಮ, "ಮಾಸ್ತರೇ, ನೀವು ಮಾತಾಡಿದ್ರೆ ಜನ ನಿಲ್ತಾರೆ. ಮೊದಲ ದಿನವೇ ಮಾತಾಡಿ" ಎಂದರು. ಗುಳಿಗೆ ಬಿಡಿಸುವ ಮಾತು ಆಡಿ ಎಂದು ಅವರು ಹೇಳಲಿಲ್ಲ. ಅದನ್ನು ಇಲ್ಲಿ ಸ್ಪಷ್ಟವಾಗಿ ಬರೆಯಬೇಕು.

ಮೊದಲ ದಿನ ನಾನು ಮಾತು ಮುಗಿಸಿ ವೇದಿಕೆ ಇಳಿಯುವಾಗ ಹಿಂದಿನ ಸಾಲಿನಿಂದ ಒಬ್ಬ ಎದ್ದು ಬಂದ. ಕುರುಗೋಡಿನಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದ ಮೇಸ್ತ್ರಿ. ನಮ್ಮ ಕಾರ್ಖಾನೆಯ ಕಟಿಂಗ್ ಮಷೀನಿನ ಮೋಟರ್ ಸುಟ್ಟಾಗಲೆಲ್ಲ ಅವನೇ ತಂತಿ ಸುತ್ತಿ ಕೊಡುತ್ತಿದ್ದ. ಗಿರಣಿಯ ಕೆಲಸಕ್ಕೆ ಸಿರುಗುಪ್ಪಕ್ಕೆ ಬಂದಿದ್ದವನು ಗಿರಣಿ ಮಾಲೀಕರ ಮಾತಿಗೆ ಶಿಬಿರಕ್ಕೂ ಬಂದಿದ್ದ.

"ಮಾಸ್ತರ, ನೀವು ಹೇಳಿದ್ರಿ ಅಂತ ನಂಬ್ತೀನಿ," ಎಂದ. "ಬ್ಯಾರೇ ಯಾವನರ ಹೇಳಿದ್ರ ನಗ್ತಿದ್ದೆ. ನಿಮ್ಮ ಅಳತಿ ಅಂದ್ರ ಅಳತಿ. ನನಗೂ ಶುಗರ್ ಐತಿ. ಗುಳಿಗಿ ನುಂಗಿ ನುಂಗಿ ಸಾಕಾಗೇತಿ."

ಆ ಕ್ಷಣದಲ್ಲಿ ಅವನನ್ನು ಪಕ್ಕಕ್ಕೆ ಕರೆದು ನಿಜ ಹೇಳಬಹುದಿತ್ತು. ಟೀಚರಮ್ಮ ಮೈಕಿನ ವೈರು ಸುತ್ತುತ್ತಾ ಹತ್ತಿರವೇ ಇದ್ದರು. "ಶ್ರದ್ಧೆಯಿಂದ ಮಾಡಪ್ಪ" ಎಂದೆ.

ವಾರ ಕಳೆದು ನಾವು ಬಳ್ಳಾರಿಗೆ ಮರಳಿದ ಮೇಲೆ ಮೇಸ್ತ್ರಿಯ ಹೆಂಡತಿ ಫೋನ್ ಮಾಡಿದಳು. ನಾನು ಹಾಲ್‌ನಲ್ಲಿ ಮ್ಯಾಟ್ ಒರೆಸುತ್ತಿದ್ದೆ.

"ಅಣ್ಣಾ, ಇವ್ರು ಗುಳಿಗಿ ಬಿಡ್ತೀನಿ ಅಂತ ಕುಂತಾರ. ನನಗ ಅಂಜಿಕಿ ಆಗಾಕ ಹತ್ತೇತಿ. ನೀವು ಖರೇವಂದ್ರೂ ಬಿಟ್ಟೀರೇನು? ನಿಮ್ಮ ಬಾಯಾಗ ಒಂದ್ ಮಾತು ಹೇಳ್ರಿ, ನಾ ಸುಮ್ನಾಗ್ತೀನಿ."

ಹಾಲ್ ಖಾಲಿಯಿತ್ತು. ಖಾಲಿ ಹಾಲ್‌ನಲ್ಲಿ ಫೋನಿನ ಮಾತು ದೊಡ್ಡದಾಗಿ ಕೇಳುತ್ತದೆ. ಬ್ಯಾಗಿಗೆ ಕೈ ಹಾಕಿದ್ದ ಟೀಚರಮ್ಮ ತಲೆ ಎತ್ತಿ ನನ್ನನ್ನು ನೋಡಿದರು.

"ಹೌದವ್ವ, ಬಿಟ್ಟೀನಿ," ಎಂದೆ.

"ಹಂಗಾದ್ರ ಆತಣ್ಣಾ," ಎಂದು ಅವಳು ಫೋನಿಟ್ಟಳು.

ಕೆಲವು ವಾರಗಳ ನಂತರ ಮೇಸ್ತ್ರಿಯೇ ಫೋನ್ ಮಾಡಿ, "ಮೈ ಹಗುರ ಆಗೇತಿ ಮಾಸ್ತರ, ಪ್ಯಾಂಟು ಸಡ್ಲ ಆಗ್ಯಾವು, ನೀವೇ ಹೊಲಿಗಿ ಹಿಡಿದು ಕೊಡ್ಬೇಕು" ಎಂದು ನಕ್ಕ. ಸಕ್ಕರೆ ಹೆಚ್ಚಾದಾಗ ಮೈ ಇಳಿಯುತ್ತದೆ ಎಂದು ನನ್ನ ಡಾಕ್ಟರು ನನಗೇ ಹೇಳಿದ್ದರು. ಬಾಯಿ ಒಣಗುತ್ತದೆಯೇ, ಪದೇ ಪದೇ ಒಂದಕ್ಕೆ ಹೋಗಬೇಕಾಗುತ್ತದೆಯೇ ಎಂದು ಕೇಳಬೇಕು ಎಂದುಕೊಂಡೆ. ಕೇಳಿದರೆ ಅವನು ಹೌದು ಎನ್ನುತ್ತಾನೆಂಬ ಭಯಕ್ಕೆ ಕೇಳಲಿಲ್ಲ. "ಚಲೋ ಆತು" ಎಂದೆ.

ಆಮೇಲಿನ ಫೋನ್ ಬಳ್ಳಾರಿಯ ಆಸ್ಪತ್ರೆಯಿಂದಲೇ ಬಂತು. ಹೋಗಿ ನೋಡಿದರೆ ಅವನ ಬಲಗಾಲಿನ ಹೆಬ್ಬೆರಳು ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಅಂಗಡಿಯ ನೆಲದ ಮೇಲೆ, ಮೋಟರ್‌ಗಳ ನಡುವೆಯೇ ಅವನು ದಿನವೂ ವಜ್ರಾಸನ ಹಾಕಿ ಕೂರುತ್ತಿದ್ದನಂತೆ. ನೆಲದ ಮೇಲೆ ಬಿದ್ದ ತಾಮ್ರದ ತಂತಿಯ ಚೂರೊಂದು ಬೆರಳ ಬುಡಕ್ಕೆ ಹೊಕ್ಕಿತ್ತು. ಸಕ್ಕರೆಯಿಂದ ಜೋಮು ಹಿಡಿದಿದ್ದ ಪಾದಕ್ಕೆ ಅದು ಗೊತ್ತೇ ಆಗಿರಲಿಲ್ಲ. ಅದರ ಮೇಲೆಯೇ ಅವನು ಮತ್ತೆ ಮತ್ತೆ ಕೂತಿದ್ದ. ಡಾಕ್ಟರು ತೆಗೆದಿಟ್ಟಿದ್ದ ಚೂರನ್ನು ಅವನು ನನಗೆ ತೋರಿಸಿದ.

"ಜೀವಮಾನೆಲ್ಲ ನನ್ನ ಕೈಯಾಗ ಆಡಿದ ತಂತಿ, ಮಾಸ್ತರ. ನನ್ನ ಕಾಲಾಗ ಹೊಕ್ಕಂಡ್ರೂ ಗುರ್ತು ಸಿಗ್ಲಿಲ್ಲ ನೋಡ್ರಿ."

ಡಾಕ್ಟರು ನನ್ನನ್ನೂ ಅವನ ಹೆಂಡತಿಯನ್ನೂ ಹೊರಗೆ ಕರೆದರು. ಸಕ್ಕರೆ ಮಿತಿಮೀರಿದೆ, ಈಗಲೇ ಇನ್ಸುಲಿನ್ ಶುರುವಾಗಬೇಕು, ಇವತ್ತೇ ಬೆರಳು ತೆಗೆಯಬೇಕು, ನಂಜು ಮೇಲಕ್ಕೆ ಏರುತ್ತಿದೆ ಎಂದರು. "ಅವರು ಎರಡಕ್ಕೂ ಒಪ್ತಾ ಇಲ್ಲ. ನೀವಾದ್ರೂ ಹೇಳಿ."

ನಾನು ಹಾಸಿಗೆಯ ಪಕ್ಕ ಕೂತು ನನಗೆ ತಿಳಿದಂತೆ ಹೇಳಿದೆ. ಡಾಕ್ಟರ ಮಾತು ಕೇಳು, ಅಂಗಡಿ ನೆನೆಸಿಕೋ, ಮಗಳ ಮದುವೆ ಇದೆ ಎಂದೆ. ಅವನು ತಲೆ ಅಲ್ಲಾಡಿಸಿದ.

"ಸೂಜಿ ಹಾಕಿಸ್ಕೊಂಡ್ರ ಇಷ್ಟು ದಿನ ಮಾಡಿದ್ದೆಲ್ಲ ನೀರಾಗ ಹೋಗ್ತತಿ. ಗಾಯ ಇದ್ರ ಮಾಯ್ತತಿ. ಮಂಡೂಕಾಸನ ಇಲ್ಲೇ ಮಾಡ್ತೀನಿ, ಮಂಚದ ಮ್ಯಾಲೆ."

"ಲೇ ಮೇಸ್ತ್ರಿ, ಕಾಲು ಹೋಗ್ತತಿ."

"ನನ್ನ ಜಾಗಾದಾಗ ನೀವಿದ್ರ ಸೂಜಿ ತಗಂತಿದ್ರೇನು? ಆವಾಗ ತಲಿ ತಿರುಗಿದ್ರೂ ನೀವು ಗುಳಿಗಿ ಮುಟ್ಟಲಿಲ್ಲಲ್ಲ?"

ಆ ತಲೆ ಸುತ್ತನ್ನು ನಾನೇ ಕಟ್ಟಿದ್ದೆ. ಅವನು ಅದನ್ನೇ ಹಿಡಿದುಕೊಂಡು ಮಲಗಿದ್ದ. ಅವನ ಹೆಂಡತಿ ನನ್ನ ಮುಖ ನೋಡುತ್ತಿದ್ದಳು. ಬಾಯಿ ಬಿಟ್ಟರೆ ಫೋನಿನಲ್ಲಿ ಅವಳಿಗೆ ಹೇಳಿದ ಮಾತು ಮೊದಲು ಬಯಲಾಗುತ್ತಿತ್ತು. "ನಾಳೆ ಬರ್ತೀನಿ, ಟೀಚರಮ್ಮನ್ನ ಕರ್ಕೊಂಡು ಬರ್ತೀನಿ, ಅವರು ಹೇಳಿದ್ರ ಕೇಳು" ಎಂದು ಎದ್ದುಬಂದೆ. ಈ ಬರಹದಲ್ಲಿ ನಾನು ಒಪ್ಪಿಕೊಳ್ಳಬೇಕಾದ ತಪ್ಪುಗಳಲ್ಲಿ ಅತಿ ದೊಡ್ಡದು ಅದು. ಅಂದು ಆ ಹಾಸಿಗೆಯ ಪಕ್ಕದಿಂದ ಎದ್ದದ್ದು.

ಟೀಚರಮ್ಮ ಬಾಡಿಗೆ ಮನೆಯ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡರು. ನಾನು ಗುಳಿಗೆ ಬಿಟ್ಟಿಲ್ಲವೆಂಬುದನ್ನೂ ಹೇಳಿದೆ. ಅವರಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ.

"ಎಲ್ಲ ಊರಲ್ಲೂ ಗಂಡಸರು ಹೀಗೇ ಹೇಳ್ತಾರೆ ಅಂಕಲ್," ಎಂದರು. ಅವರು ನನ್ನನ್ನು ಅಂಕಲ್ ಎಂದದ್ದು ಅದೇ ಮೊದಲು. "ನಾನು ಕೇಳಿದ್ದು ಫೀಸು ಮಾತ್ರ. ರೋಗ ಹೋದ ಕತೆ ನೀವು ನೀವೇ ತಂದು ನನ್ನ ಮುಂದೆ ಹಾಕಿದ್ರಿ. ಬೇಡ ಅನ್ನಲಿಲ್ಲ, ಅದು ನನ್ನ ತಪ್ಪು. ಬೇಡ ಅಂದ್ರೆ ಹಾಲ್ ಖಾಲಿಯಾಗ್ತಿತ್ತು. ನನಗೂ ಮನೆ ನಡೀಬೇಕಲ್ಲ?"

"ಒಂದ್ಸಲ ಬಂದು ಹೇಳ್ರಿ ಅವನಿಗೆ."

"ಬರ್ತೀನಿ. ಆದ್ರೆ ಅವರು ನಂಬಿದ್ದು ನನ್ನನ್ನಲ್ಲ. ನಾನು ಗುಳಿಗೆ ತಗೊಳ್ಳಿ ಅಂದ್ರೆ ಏನಾಗುತ್ತೆ? ಮಾಸ್ತರು ಬಿಟ್ಟಿದ್ದಾರಲ್ಲ ಅಂತಾರೆ."

ಅವರು ಹೇಳಿದ ಹಾಗೆಯೇ ಆಯಿತು. ಮರುದಿನ ಬೆಳಿಗ್ಗೆ ಅವರು ಬಂದು, ಡಾಕ್ಟರು ಹೇಳಿದಂತೆ ಕೇಳಿ ಎಂದು ಕೈಮುಗಿದು ಕೇಳಿಕೊಂಡರು. ಮೇಸ್ತ್ರಿಗೆ ಆಗ ಜ್ವರ ಏರಿತ್ತು. "ನೀವು ಹೆಣ್ಮಕ್ಳು, ಅಂಜ್ತೀರಿ. ಮಾಸ್ತರು ಗಟ್ಟಿ ಅದಾರ" ಎಂದ. ಕಪ್ಪು ಬಣ್ಣ ಬೆರಳನ್ನು ದಾಟಿ ಪಾದಕ್ಕೆ ಬಂದಿತ್ತು. ಆ ವಾಸನೆ ಇಂದಿಗೂ ನನ್ನ ಮೂಗಿನಲ್ಲಿದೆ. ಟೀಚರಮ್ಮ ಮುಖ ತಿರುಗಿಸಿ ಹೊರಗೆ ಹೋದರು.

ಆಗ ನಾನು ನಿರ್ಧಾರ ಮಾಡಿದೆ. ಅಂಗಿಯ ಕಿಸೆಯಲ್ಲಿ ಮನೆಯಿಂದ ತಂದ ನನ್ನ ಶುಗರ್ ಗುಳಿಗೆಯ ಪಟ್ಟಿ ಇತ್ತು. ಅದನ್ನು ಅವನ ಎದೆಯ ಮೇಲೆ ಇಟ್ಟೆ.

"ಮೇಸ್ತ್ರಿ, ನಾನು ಒಂದು ದಿನಾನೂ ಗುಳಿಗಿ ಬಿಟ್ಟಿಲ್ಲ. ದಿನಾ ನುಂಗ್ತೀನಿ. ಅಲ್ಲಿ ಹೇಳಿದ್ದೆಲ್ಲ ಸುಳ್ಳು. ಆ ಯಮ್ಮ ನನ್ನ ಕಡಿ ನೋಡ್ಲಿ ಅಂತ ಹೇಳಿದ್ದು." ಅವನ ಹೆಂಡತಿಯ ಕಡೆ ತಿರುಗಿದೆ. "ತಂಗೀ, ಫೋನ್ನಾಗ ನಿನಗ ಹೇಳಿದ್ದೂ ಸುಳ್ಳು."

ಒಂದು ಗುಳಿಗೆ ಬಿಡಿಸಿ ಬಾಯಿಗೆ ಹಾಕಿ, ಅವನ ಪಕ್ಕದಲ್ಲಿದ್ದ ಲೋಟದ ನೀರು ಕುಡಿದೆ. ಅವನು ಬೈಯುತ್ತಾನೆ, ಉಗಿಯುತ್ತಾನೆ ಎಂದು ಕಾದೆ. ಅವನ ಕಣ್ಣಲ್ಲಿ ನೀರು ತುಂಬಿತು.

"ಬ್ಯಾಡ ಮಾಸ್ತರ, ಹಿಂಗ ಮಾಡಬ್ಯಾಡ್ರಿ," ಎಂದು ನನ್ನ ಕೈ ಹಿಡಿದುಕೊಂಡ. "ನನ್ನ ಒಪ್ಪಿಸಾಕ ನೀವು ಗುಳಿಗಿ ನುಂಗಿದ್ರಿ. ಇಷ್ಟು ದಿನ ಹಿಡಿದಿದ್ದ ವ್ರತಾ ನನ್ನ ಸಲುವಾಗಿ ಮುರಿದ್ರಿ. ಮ್ಯಾಲೆ ಸುಳ್ಳ ಅಂತ ಹೆಸರೂ ಕೆಡಿಸ್ಕಂಡ್ರಿ."

"ಇಲ್ಲಲೇ, ಖರೇನೇ ಹೇಳಾಕ ಹತ್ತೀನಿ."

"ಸಾಕು ಸಾಕು. ನನಗ ತಿಳಿಯಂಗಿಲ್ಲೇನು? ಕರೀರಿ ಡಾಕ್ಟರ್ನ. ಕೊಯ್ಯಲಿ."

ಅವನು ಇನ್ಸುಲಿನ್‌ಗೆ ತೋಳು ಕೊಟ್ಟ. ಆಪರೇಷನ್ನಿನ ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಲಿಲ್ಲ, ಸಹಿಯನ್ನೇ ಹಾಕಿದ. ಒಳಗೆ ಒಯ್ಯುವಾಗಲೂ ನನ್ನ ಕೈ ಬಿಟ್ಟಿರಲಿಲ್ಲ.

ಬೆರಳಿಗೆ ಮುಗಿಯಲಿಲ್ಲ. ಎರಡನೆಯ ಸಲ ಹಿಮ್ಮಡಿಯ ಮೇಲಿನ ತನಕ ತೆಗೆದರು. ನಾನು ಡಾಕ್ಟರನ್ನು ಕೇಳಿದೆ. ಬಂದ ದಿನವೇ ಒಪ್ಪಿದ್ದರೆ ಬೆರಳಿನಲ್ಲೇ ನಿಲ್ಲುವ ಸಾಧ್ಯತೆ ಇತ್ತು, ಖಾತ್ರಿ ಹೇಳಲಾರೆ ಎಂದರು. ಆ ಸಾಧ್ಯತೆಯ ಜೊತೆ ನಾನು ದಿನ ತಳ್ಳುತ್ತಿದ್ದೇನೆ.

ಅವನ ಹೆಂಡತಿ ಮಾತ್ರ ನನ್ನ ಮಾತು ನಂಬಿದ್ದಳು. ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತು ಕೇಳಿದಳು.

"ಆವತ್ತು ಬಾಯಿಬಿಟ್ಟು ಕೇಳಿದ್ನಲ್ಲಣ್ಣಾ. ಅಂಜಿಕಿ ಆಗಾಕ ಹತ್ತೇತಿ ಅಂತ ಹೇಳಿದ್ನಲ್ಲ?"

ಅವನಿಗೆ ಇನ್ನೊಮ್ಮೆ ಎಲ್ಲ ಬಿಡಿಸಿ ಹೇಳುತ್ತೇನೆ, ನನ್ನ ಹೆಂಡತಿಯನ್ನೇ ಕರೆತಂದು ಸಾಕ್ಷಿ ಹೇಳಿಸುತ್ತೇನೆ ಎಂದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ಬ್ಯಾಡ. ನೀವು ವ್ರತ ಮುರಿದ್ರಿ ಅಂತ ಅವ್ರು ದಿನಾ ಸೂಜಿ ಹಾಕಿಸ್ಕಳಾಕ ಹತ್ಯಾರ. ಅದು ಸುಳ್ಳಂತ ಗೊತ್ತಾದ್ರ ಸಿಟ್ಟಿಗೆ ಇದನ್ನೂ ಬಿಡ್ತಾರ. ಅವರ ಮುಂದ ಮತ್ತ ಈ ಮಾತು ಎತ್ತಬ್ಯಾಡ್ರಿ. ನಿಮ್ಮ ಭಾರ ಇಳಿಸ್ಕಳಾಕ ನನ್ನ ಗಂಡನ್ನ ಕೇಳಬ್ಯಾಡ್ರಿ."

ನಾನು ಪಾರ್ವತಿನಗರದ ಹಾಲ್‌ಗೆ ಹೋಗಿ, ಅನುಭವದ ಹೊತ್ತಿಗೆ ಮೈಕ್ ಹಿಡಿದು ನಡೆದದ್ದನ್ನೆಲ್ಲ ಹೇಳಿದೆ. ಪಾತ್ರೆ ಸಾಹುಕಾರರು, "ಏ ಬಿಡ್ರಿ ಮಾಸ್ತರ, ಮಾತಿನ ಭರಕ್ಕ ಎಲ್ಲಾರೂ ಒಂದೀಟು ಹೆಚ್ಚುಕಮ್ಮಿ ಹೇಳ್ತಾರ" ಎಂದರು. ಮೆಟ್ಟಿಲಲ್ಲಿ ನನ್ನನ್ನು ತಡೆದು, ಯಾರೂ ಇಲ್ಲವೆಂದು ನೋಡಿ, "ನಂದೂ ಬಿಪಿ ಹೋಗಿಲ್ಲ ಬಿಡ್ರಿ" ಎಂದು ಪಿಸುಗುಟ್ಟಿದರು. ಮರುದಿನದಿಂದ ಟೀಚರಮ್ಮ ಅನುಭವ ಹೇಳಿಸುವುದನ್ನು ನಿಲ್ಲಿಸಿ, ಯಾರೂ ಗುಳಿಗೆ ಬಿಡಬಾರದೆಂದು ಬಾಗಿಲಲ್ಲೇ ಬರೆದು ಅಂಟಿಸಿದರು. ಸಾಲುಗಳು ತೆಳ್ಳಗಾದವು. ಕೆಲವು ತಿಂಗಳಲ್ಲಿ ಅವರು ಬೇರೆ ಊರಿಗೆ ಹೋದರು. ಹೋಗುವಾಗ ನನಗೆ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ನಾನು ಈಗಲೂ ಆಗಾಗ ಕುರುಗೋಡಿಗೆ ಹೋಗುತ್ತೇನೆ. ಮೇಸ್ತ್ರಿ ಸ್ಟೂಲಿನ ಮೇಲೆ ಕೂತು, ಕೋಲನ್ನು ಗೋಡೆಗೆ ಒರಗಿಸಿ ತಂತಿ ಸುತ್ತುತ್ತಾನೆ. ನನ್ನನ್ನು ಕಂಡರೆ ಕೆಲಸ ನಿಲ್ಲಿಸಿ ಚಹಾ ಹೇಳುತ್ತಾನೆ. ಬಂದ ಗಿರಾಕಿಗಳಿಗೆಲ್ಲ ನನ್ನನ್ನು ತೋರಿಸುತ್ತಾನೆ. ಕಳೆದ ಸಲ ಹೋದಾಗ ಒಬ್ಬ ಹುಡುಗ ಬೋರಿನ ಮೋಟರ್ ಒಯ್ಯಲು ಬಂದಿದ್ದ.

"ಇವ್ರೇ ನೋಡಪ," ಎಂದ ಮೇಸ್ತ್ರಿ. "ಶುಗರಿನ ಗುಳಿಗಿ ಬಿಟ್ಟು ಆರಾಮಿದ್ದವ್ರು. ನನ್ನ ಜೀವಾ ಉಳಿಸಾಕ ಮತ್ತ ನುಂಗಾಕ ಸುರು ಮಾಡಿದ್ರು. ಯಾರ್ ಮಾಡ್ತಾರ ಈ ಕಾಲದಾಗ?"

ಹುಡುಗ ಬಗ್ಗಿ ನನ್ನ ಕಾಲು ಮುಟ್ಟಿದ. "ನಮ್ಮಪ್ಪಗೂ ಶುಗರ್ ಐತ್ರಿ ಅಜ್ಜಾರ. ಆ ಯೋಗ ಮಾಡಿಸಿ ಗುಳಿಗಿ ಬಿಡಸ್ಲೇನ್ರಿ?"

ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದ ಮೇಸ್ತ್ರಿಯ ಹೆಂಡತಿ ನನ್ನನ್ನು ನೋಡಿದಳು. ಬೇಡ ಎಂದಳೋ, ಹೇಳು ಎಂದಳೋ ಆ ಕಣ್ಣಲ್ಲಿ ನನಗೆ ಓದಲಾಗಲಿಲ್ಲ.

"ಬಿಡಸಬ್ಯಾಡ ತಮ್ಮಾ," ಎಂದೆ. "ನಾನೂ ಯಾವತ್ತೂ ಬಿಟ್ಟಿದ್ದಿಲ್ಲ."

ಮೇಸ್ತ್ರಿ ಜೋರಾಗಿ ನಕ್ಕ. "ಕೇಳಿದೇನಲೇ? ದೊಡ್ಡವ್ರು ಹಿಂಗ. ಒಂದಿನಾನೂ ತಮ್ಮ ದೊಡ್ಡಸ್ತಿಕಿ ಹೇಳ್ಕಳಂಗಿಲ್ಲ."

ಹುಡುಗ ಅರ್ಥವಾದವನಂತೆ ತಲೆಯಾಡಿಸಿ ಮೋಟರನ್ನು ಬೈಕಿಗೆ ಕಟ್ಟಿದ. ನಾನು ಚಹಾ ಬಿಟ್ಟು ಹೊರಗೆ ಬರುವಷ್ಟರಲ್ಲಿ ಬೈಕು ಹೊರಟಿತ್ತು. ಬೀದಿಯ ಕೊನೆಯವರೆಗೂ ಅದರ ಹಿಂದೆ ಓಡಿದೆ. "ಅಪ್ಪನ ಗುಳಿಗಿ ಬಿಡಸಬ್ಯಾಡೋ" ಎಂದು ಕೂಗಿದೆ. ಅವನು ಹಿಂತಿರುಗಿ ನೋಡದೆ ಒಂದು ಕೈ ಎತ್ತಿದ. ನನ್ನ ಮಾತು ಕೇಳಿಸಿ ಎತ್ತಿದನೋ, ನಮಸ್ಕಾರವೆಂದು ಎತ್ತಿದನೋ, ನನಗೆ ತಿಳಿಯಲಿಲ್ಲ. ಅವನ ಊರು ಯಾವುದೆಂದು ಕೇಳಿಕೊಂಡಿರಲಿಲ್ಲ.